ಐಷಾರಾಮಿ ಸೆಡಾನ್ ಕೊಳ್ಳುವಾಗ ಅಶ್ವಶಕ್ತಿಯನ್ನು ಎಷ್ಟರ ಮಟ್ಟಿಗೆ ಲೆಕ್ಕಕ್ಕೆ ಹಿಡಿಯಬೇಕು

ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿ ಹೊಸ ಬೆಂಜ್ ಅಥವಾ ಬಿಎಂಡಬ್ಲ್ಯು ಸೆಡಾನ್ ಒಂದು ಬಂದು ನಿಂತರೆ ಸುತ್ತ ಸೇರಿದವರು ಮೊದಲು ಕೇಳುವುದು ‘ಎಷ್ಟು ಬಿತ್ತು?’ ಎಂದು, ಆಮೇಲೆ ಕೇಳುವುದು ‘ಎಷ್ಟು ಕೊಡುತ್ತದೆ?’ ಎಂದು. ಎಂಜಿನ್‌ನ ಅಶ್ವಶಕ್ತಿ ಎಷ್ಟು ಎಂಬ ಪ್ರಶ್ನೆ ಬಂದರೆ ಮೂರನೆಯದಾಗಿ ಬರುತ್ತದೆ, ಅದೂ ಗುಂಪಿನಲ್ಲಿ ಕಾಲೇಜಿಗೆ ಹೋಗುವ ಹುಡುಗನೊಬ್ಬ ಇದ್ದರೆ. ಅದೇ ಗಾಡಿಯ ಜಾಹೀರಾತನ್ನು ತೆರೆದು ನೋಡಿದರೆ ಕ್ರಮ ತಲೆಕೆಳಗಾಗಿರುತ್ತದೆ: ಇಷ್ಟು ಅಶ್ವಶಕ್ತಿ, ಸೊನ್ನೆಯಿಂದ ನೂರಕ್ಕೆ ಇಷ್ಟು ಸೆಕೆಂಡು ಎಂಬುದು ದಪ್ಪಕ್ಷರದಲ್ಲಿದ್ದು, ಉಳಿದದ್ದೆಲ್ಲ ಅದರ ಕೆಳಗೆ ಸಣ್ಣದಾಗಿ ಕುಳಿತಿರುತ್ತದೆ. ಅರವತ್ತು, ಎಪ್ಪತ್ತು ಲಕ್ಷ ರೂಪಾಯಿ ಕೈಯಲ್ಲಿ ಹಿಡಿದು ಹೊರಟವರು ಈ ಎರಡು ಕ್ರಮಗಳಲ್ಲಿ ಯಾವುದನ್ನು ನಂಬಬೇಕು, ಶಕ್ತಿಯುಳ್ಳ ಎಂಜಿನ್ ನಿಜವಾಗಿಯೂ ಕೊಳ್ಳುವವರನ್ನು ಸೆಳೆಯುತ್ತದೆಯೇ, ಸೆಳೆಯುವುದಾದರೆ ಎಲ್ಲಿಯವರೆಗೆ ಎಂಬುದನ್ನು ತಾವೇ ಪರೀಕ್ಷಿಸಿ ನೋಡುವ ಬಗೆಯನ್ನು ಇಲ್ಲಿ ವಿವರಿಸಿದ್ದೇನೆ.

ನನ್ನ ಅಭಿಪ್ರಾಯವನ್ನು ಮುಚ್ಚಿಡುವುದಿಲ್ಲ. ಐಷಾರಾಮಿ ಸೆಡಾನ್‌ಗಳ ಮಟ್ಟಿಗೆ ಶಕ್ತಿ ಒಂದು ಹೊಸ್ತಿಲು. ಅದನ್ನು ದಾಟದ ಗಾಡಿಯನ್ನು ಯಾರೂ ಮನೆಯೊಳಗೆ ಕರೆಯುವುದಿಲ್ಲ. ದಾಟಿದ ಮೇಲೆ ಅದು ಎಷ್ಟು ದೂರ ಹಾರಿತು ಎಂದು ಅಳೆಯುವವರು ಕಡಿಮೆ. ನಮ್ಮ ದೇಶದಲ್ಲಿ ಆ ಹೊಸ್ತಿಲು ಇಂದು ಸುಮಾರು 190ರಿಂದ 200 ಅಶ್ವಶಕ್ತಿಯ ಆಸುಪಾಸಿನಲ್ಲಿದೆ.

ಅಂಕಿಯನ್ನು ಓದುವ ಬಗೆ

ಮೊದಲು ಮಾನದ ಗೊಂದಲವನ್ನು ಬಿಡಿಸಿಕೊಳ್ಳಬೇಕು. ಯೂರೋಪಿನ ಕಂಪನಿಗಳು ಬಳಸುವ ಪಿಎಸ್ ಎಂಬುದು 735.5 ವ್ಯಾಟ್‌ಗೆ ಸಮ, ಬಿಎಚ್‌ಪಿ ಎಂಬುದು ಸುಮಾರು 745.7 ವ್ಯಾಟ್‌ಗೆ ಸಮ. ಆದ್ದರಿಂದ ಒಂದೇ ಎಂಜಿನ್ ಒಂದು ಕಡೆ 204 ಎಂದೂ ಮತ್ತೊಂದು ಕಡೆ 201 ಎಂದೂ ಕಾಣಿಸಿಕೊಂಡರೆ ಯಾರೂ ಸುಳ್ಳು ಹೇಳಿಲ್ಲ. ಎರಡೂ 150 ಕಿಲೋವ್ಯಾಟ್‌ನ ಬೇರೆ ಬೇರೆ ಹೆಸರುಗಳು. ಎರಡು ಗಾಡಿಗಳನ್ನು ಹೋಲಿಸುವಾಗ ಎರಡನ್ನೂ ಕಿಲೋವ್ಯಾಟ್‌ಗೆ ತಂದುಕೊಂಡರೆ ಮಾರಾಟಗಾರರ ಮಾತಿನ ಗದ್ದಲ ಅರ್ಧ ಕಡಿಮೆಯಾಗುತ್ತದೆ.

ಎರಡನೆಯದಾಗಿ, ಗಾಡಿಯ ಹಿಂದೆ ಡಿಕ್ಕಿಯ ಮೇಲಿರುವ ಮಾದರಿಯ ಸಂಖ್ಯೆಯನ್ನು ನಂಬಬಾರದು. ಒಂದು ಕಾಲದಲ್ಲಿ ಆ ಸಂಖ್ಯೆ ಎಂಜಿನ್‌ನ ಗಾತ್ರವನ್ನು ಹೇಳುತ್ತಿತ್ತು. ಈಗ ಅದು ಗಾತ್ರಕ್ಕೂ ಅಂಟಿಕೊಂಡಿಲ್ಲ, ಶಕ್ತಿಗೂ ನೇರವಾಗಿ ಅಂಟಿಕೊಂಡಿಲ್ಲ. 2022ರ ಮೇ ತಿಂಗಳಲ್ಲಿ ಭಾರತಕ್ಕೆ ಬಂದ ಮರ್ಸಿಡಿಸ್ ಸಿ 200ರಲ್ಲಿರುವುದು ಒಂದೂವರೆ ಲೀಟರ್ ಎಂಜಿನ್. ಬಿಎಂಡಬ್ಲ್ಯು 330ಎಲ್‌ಐನಲ್ಲಿರುವುದು ಎರಡು ಲೀಟರ್‌ನದು, ಮೂರು ಲೀಟರ್‌ನದಲ್ಲ. ಆಡಿ ಕಂಪನಿ 2017ರಲ್ಲಿ ತಂದ 35, 40, 45 ಎಂಬ ಸಂಖ್ಯೆಗಳು ಕಿಲೋವ್ಯಾಟ್‌ನ ಒಂದೊಂದು ಶ್ರೇಣಿಯನ್ನು ಸೂಚಿಸುತ್ತವೆ; 40 ಎಂದಿದ್ದರೆ 125ರಿಂದ 150 ಕಿಲೋವ್ಯಾಟ್‌ವರೆಗೆ ಎಂದು ಅರ್ಥ. ಇಷ್ಟು ಗೊತ್ತಿದ್ದರೆ ಪಕ್ಕದ ಮನೆಯವರ ಗಾಡಿಗಿಂತ ನಮ್ಮದರ ಸಂಖ್ಯೆ ದೊಡ್ಡದಿರಲಿ ಎಂಬ ಆಸೆಗೆ ಹತ್ತು ಲಕ್ಷ ಸುರಿಯುವ ಮೊದಲು ಒಮ್ಮೆ ಯೋಚಿಸುತ್ತೇವೆ. (ಜರ್ಮನಿಯಲ್ಲಿ ಆ ಸಂಖ್ಯೆಯನ್ನು ಹಾಕಲೇಬೇಡಿ ಎಂದು ಬುಕಿಂಗ್ ಸಮಯದಲ್ಲಿಯೇ ಹೇಳಿ ತೆಗೆಸುವ ಪದ್ಧತಿ ಬಹಳ ಹಿಂದಿನಿಂದ ಇದೆ. ನಮ್ಮಲ್ಲಿ ಅದನ್ನು ಯಾರೂ ತೆಗೆಸುವುದಿಲ್ಲ. ತೊಳೆಯುವಾಗ ಅದನ್ನೇ ಇನ್ನಷ್ಟು ಉಜ್ಜುತ್ತಾರೆ.)

ಮೂರನೆಯ ವಿಷಯ ಎಲ್ಲಕ್ಕಿಂತ ಮುಖ್ಯವಾದದ್ದು, ಹಾಗಾಗಿ ಸ್ವಲ್ಪ ನಿಂತು ನೋಡೋಣ. ಕರಪತ್ರದಲ್ಲಿ ಕೊಡುವ ಅಶ್ವಶಕ್ತಿ ಎಂಜಿನ್‌ನ ಗರಿಷ್ಠ ಶಕ್ತಿ. ಅದು ಸಿಗುವುದು ಪೆಟ್ರೋಲ್ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿ ಎಂಜಿನ್ ನಿಮಿಷಕ್ಕೆ ಐದು, ಆರು ಸಾವಿರ ಸುತ್ತು ತಿರುಗುವಾಗ. ದಾವಣಗೆರೆಯಿಂದ ಬೆಂಗಳೂರಿಗೆ ಹೋಗಿಬರುವ ಐನೂರಿಪ್ಪತ್ತು ಕಿಲೋಮೀಟರ್‌ನಲ್ಲಿ ನಾವು ಆ ಸುತ್ತುಗಳನ್ನು ಮುಟ್ಟುವುದು ಬೆರಳೆಣಿಕೆಯ ಸಲ. ದಿನನಿತ್ಯ ನಮಗೆ ಸಿಗುವ ಶಕ್ತಿ ಎಷ್ಟು ಎಂದು ತಿಳಿಯಲು ಒಂದು ಸರಳ ಲೆಕ್ಕವಿದೆ: ನ್ಯೂಟನ್ ಮೀಟರ್‌ನಲ್ಲಿರುವ ಟಾರ್ಕನ್ನು, ಅಂದರೆ ಎಂಜಿನ್‌ನ ತಿರುಚುಬಲವನ್ನು, ನಿಮಿಷಕ್ಕೆ ಎಷ್ಟು ಸುತ್ತು ಎಂಬುದರಿಂದ ಗುಣಿಸಿ 9549ರಿಂದ ಭಾಗಿಸಿದರೆ ಆ ಗಳಿಗೆಯಲ್ಲಿ ಸಿಗುವ ಶಕ್ತಿ ಕಿಲೋವ್ಯಾಟ್‌ನಲ್ಲಿ ದೊರೆಯುತ್ತದೆ. ಸಿ 200 ಪೆಟ್ರೋಲ್ ಗಾಡಿಯ ಗರಿಷ್ಠ ಶಕ್ತಿ 204 ಪಿಎಸ್, ಟಾರ್ಕ್ 300. ಅದೇ ಗಾಡಿಯ ಡೀಸೆಲ್ ರೂಪವಾದ ಸಿ 220ಡಿಯ ಗರಿಷ್ಠ ಶಕ್ತಿ 200 ಪಿಎಸ್, ಟಾರ್ಕ್ 440. ಕಾಗದದ ಮೇಲೆ ಎರಡೂ ಒಂದೇ ಎನ್ನಬಹುದು; ನೂರು ಕಿಲೋಮೀಟರ್ ವೇಗ ಮುಟ್ಟಲು ಕಂಪನಿ ಹೇಳುವ ಸಮಯವೂ ಎರಡಕ್ಕೂ 7.3 ಸೆಕೆಂಡು. ಆದರೆ 2000 ಸುತ್ತಿನಲ್ಲಿ, ಅಂದರೆ ನಾವು ಊರಿನಲ್ಲಿಯೂ ಹೆದ್ದಾರಿಯಲ್ಲಿಯೂ ಹೆಚ್ಚಿನ ಹೊತ್ತು ಇರುವ ಜಾಗದಲ್ಲಿ, ಲೆಕ್ಕ ಹಾಕಿದರೆ ಪೆಟ್ರೋಲ್ ಗಾಡಿ ಕೊಡಬಲ್ಲದ್ದು ಸುಮಾರು 85 ಪಿಎಸ್, ಡೀಸೆಲ್ ಗಾಡಿ ಕೊಡಬಲ್ಲದ್ದು ಸುಮಾರು 125 ಪಿಎಸ್. ನಮ್ಮ ಕಡೆಯ ಚಾಲಕರು ‘ಡೀಸೆಲ್‌ಗೆ ದಮ್ಮು ಜಾಸ್ತಿ’ ಎನ್ನುವುದು ಈ ನಲವತ್ತು ಕುದುರೆಗಳ ವ್ಯತ್ಯಾಸವನ್ನೇ. ಕೊಳ್ಳುವವರು ಮೆಚ್ಚುವ ‘ಪಿಕಪ್’ ಕರಪತ್ರದ ದಪ್ಪಕ್ಷರದಲ್ಲಿ ಇರುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಇನ್ನೊಂದು ಬದಿಯಿಂದಲೂ ನೋಡಬಹುದು. ಇಂದಿನ ನುಣುಪು ಮೈಯ ಸೆಡಾನ್ ಒಂದನ್ನು ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ ಓಡಿಸುತ್ತಿರಲು ಬೇಕಾಗುವುದು ಇಪ್ಪತ್ತರಿಂದ ಇಪ್ಪತ್ತೈದು ಅಶ್ವಶಕ್ತಿ. ಚಿತ್ರದುರ್ಗದ ಬಳಿ ಗಾಳಿಗಿರಣಿಗಳು ನಿಂತಿರುವ ಗುಡ್ಡಗಳ ನಡುವೆ ಎದುರುಗಾಳಿ ಬೀಸುತ್ತಿದ್ದರೆ ಇನ್ನಷ್ಟು ಕುದುರೆಗಳು ಸೇರಬಹುದು. ಉಳಿದ ನೂರೆಂಬತ್ತು ಕುದುರೆಗಳು ಲಾಯದಲ್ಲಿ ಹುಲ್ಲು ಮೇಯುತ್ತಿರುತ್ತವೆ. ಅವು ಬೇಕಾಗುವುದು ಹಿಂದೆ ಹಾಕುವಾಗ, ಏರು ಏರುವಾಗ, ಟೋಲ್ ದಾಟಿ ವೇಗ ಹಿಡಿಯುವಾಗ, ಆಗಲೂ ಕೆಲವೇ ಸೆಕೆಂಡುಗಳ ಕಾಲ.

ಶಕ್ತಿಯೇ ಮಾರಿಸುತ್ತಿದೆಯೇ ಎಂದು ಪರೀಕ್ಷಿಸುವುದು

ಹೆಚ್ಚು ಶಕ್ತಿಯ ಗಾಡಿಗಳು ಕಡಿಮೆ ಮಾರಾಟವಾಗುತ್ತವೆ, ಆದ್ದರಿಂದ ಜನರಿಗೆ ಶಕ್ತಿ ಬೇಕಿಲ್ಲ ಎಂದು ವಾದಿಸುವುದು ಸುಲಭ. ಇದು ತಪ್ಪು ವಾದ. ಹೆಚ್ಚು ಶಕ್ತಿಯ ಎಂಜಿನ್ ಯಾವಾಗಲೂ ಹೆಚ್ಚು ಬೆಲೆಯೊಂದಿಗೆ ಬರುತ್ತದೆ. ಜನ ಹಿಂಜರಿದದ್ದು ಬೆಲೆಗೋ ಶಕ್ತಿಗೋ ಎಂದು ಬರೀ ಮಾರಾಟದ ಸಂಖ್ಯೆಯಿಂದ ಹೇಳಲಾಗದು. ಬಿಎಂಡಬ್ಲ್ಯು ತುಂಬ ಓಡಾಡುತ್ತದೆ, ಅದರ ಎಂಜಿನ್‌ಗಳು ಬಲಶಾಲಿಯಾಗಿವೆ, ಆದ್ದರಿಂದ ಬಲವೇ ಕಾರಣ ಎಂಬ ವಾದವೂ ಇಷ್ಟೇ ಟೊಳ್ಳು. ಹೆಸರು, ಸಾಲದ ಕಂತಿನ ಕೊಡುಗೆ, ಹತ್ತಿರದ ಸರ್ವಿಸ್ ಕೇಂದ್ರ, ಬೀಗರ ಮನೆಯಲ್ಲಿರುವ ಗಾಡಿ ಎಲ್ಲವೂ ಆ ಸಂಖ್ಯೆಯೊಳಗೆ ಕಲೆತುಹೋಗಿರುತ್ತವೆ.

ಹಾಗಾದರೆ ಶಕ್ತಿಯೊಂದನ್ನೇ ಬೇರ್ಪಡಿಸುವುದು ಹೇಗೆ? ಒಂದೇ ಮೈ, ಒಂದೇ ಸೌಕರ್ಯ, ಬೇರೆ ಎಂಜಿನ್ ಇರುವ ಜೋಡಿಗಳನ್ನು ಆರಿಸಿಕೊಂಡು ನೋಡಬೇಕು. ಇನ್ನೂ ಒಳ್ಳೆಯದು, ಒಂದೇ ಗಾಡಿಯ ಶಕ್ತಿ ವರ್ಷಗಳ ನಡುವೆ ಬದಲಾದ ಸಂದರ್ಭಗಳನ್ನು ಹುಡುಕುವುದು. ಆಡಿ ಎ4 2021ರ ಜನವರಿಯಲ್ಲಿ 190 ಪಿಎಸ್‌ನೊಂದಿಗೆ ಬಂದು ಮುಂದೆ 204ಕ್ಕೆ ಏರಿತು. ಬಿಎಂಡಬ್ಲ್ಯು ಎಂ340ಐ 2021ರಲ್ಲಿ 387 ಪಿಎಸ್ ಎಂದು ಬಂದು, 2022ರ ಕೊನೆಯ ಪರಿಷ್ಕರಣೆಯಲ್ಲಿ 374ಕ್ಕೆ ಇಳಿಯಿತು. ನೂರು ಮುಟ್ಟುವ ಸಮಯ ಮಾತ್ರ ಹಿಂದೆಯೂ ಮುಂದೆಯೂ 4.4 ಸೆಕೆಂಡು ಎಂದೇ ಉಳಿಯಿತು. ಇಂಥ ಏರಿಳಿತದಿಂದ ಮನಸ್ಸು ಬದಲಿಸಿದ ಒಬ್ಬರನ್ನಾದರೂ ನಿಮ್ಮ ಪರಿಚಯದವರಲ್ಲಿ ಹುಡುಕಿ ನೋಡಿ. ನನಗಂತೂ ಸಿಕ್ಕಿಲ್ಲ.

ಸ್ಥಳೀಯ ಅಂಕಿ ಬೇಕೆಂದರೆ ಕೇಂದ್ರ ಸಾರಿಗೆ ಸಚಿವಾಲಯದ ‘ವಾಹನ್’ ಫಲಕದಲ್ಲಿ ಆರ್‌ಟಿಓ ಕಚೇರಿಯನ್ನು ಆರಿಸಿ, ಕಂಪನಿವಾರು ಮತ್ತು ಇಂಧನವಾರು ನೋಂದಣಿಗಳನ್ನು ನೋಡಬಹುದು. ದಾವಣಗೆರೆಯದು ಕೆಎ-17, ಚಿತ್ರದುರ್ಗದ್ದು ಕೆಎ-16. ಆದರೆ ಬೆಂಗಳೂರಿನ ಮಗನ ಹೆಸರಿನಲ್ಲಿಯೋ ಅಲ್ಲಿನ ಕಚೇರಿ ವಿಳಾಸದಲ್ಲಿಯೋ ನೋಂದಣಿಯಾಗಿ, ಇಲ್ಲಿನ ಅಡಿಕೆ ತೋಟಕ್ಕೂ ಅಕ್ಕಿ ಗಿರಣಿಗೂ ಓಡಾಡುವ ಗಾಡಿಗಳು ಆ ಎಣಿಕೆಗೆ ಬರುವುದಿಲ್ಲ ಎಂಬುದನ್ನು ನೆನಪಿಡಬೇಕು.

ಅಂಕಿಗಳಿಗಿಂತ ಹೆಚ್ಚು ಹೇಳುವುದು ಕಂಪನಿಗಳ ನಡವಳಿಕೆ. ಮರ್ಸಿಡಿಸ್ ಕಂಪನಿ 2017ರಲ್ಲಿ ಇ-ಕ್ಲಾಸ್‌ನ ಉದ್ದನೆಯ ರೂಪವನ್ನು ಭಾರತಕ್ಕೆ ತಂದಿತು. ಬಲಬದಿಯ ಸ್ಟಿಯರಿಂಗ್‌ನ ದೇಶಗಳಲ್ಲಿ ಅದು ಮೊದಲು ಬಂದದ್ದು ಇಲ್ಲಿಗೇ. ಅಂದಿನಿಂದ ಈ ದೇಶದಲ್ಲಿ ಆ ಕಂಪನಿಯ ಅತಿ ಹೆಚ್ಚು ಮಾರಾಟವಾಗುವ ಗಾಡಿಯೆಂಬ ಹೆಸರು ಅದಕ್ಕೇ ಇದೆ. 2024ರ ಅಕ್ಟೋಬರ್‌ನಲ್ಲಿ ಬಂದ ಹೊಸ ಇ-ಕ್ಲಾಸ್‌ನ ಇ 200ಗೆ 204 ಪಿಎಸ್, ಇ 220ಡಿಗೆ 197 ಪಿಎಸ್. ಅಂದರೆ ಅದಕ್ಕಿಂತ ಚಿಕ್ಕ ಗಾಡಿಯಾದ ಸಿ-ಕ್ಲಾಸ್‌ನಲ್ಲಿ ಇರುವಷ್ಟೇ. ಹೆಚ್ಚು ಹಣಕ್ಕೆ ಸಿಗುವುದು ಎರಡು ಚಕ್ರಗಳ ನಡುವಿನ 3,094 ಮಿಲಿಮೀಟರ್ ಅಂತರ ಮತ್ತು ಅದರಿಂದ ಹಿಂದಿನ ಸೀಟಿಗೆ ದೊರೆತ ಕಾಲು ಚಾಚುವ ಜಾಗ. ಬಿಎಂಡಬ್ಲ್ಯು ಕೂಡ ಇದೇ ದಾರಿಗೆ ಬಂತು. 2024ರ ಜುಲೈನಲ್ಲಿ 5 ಸೀರೀಸ್ ಅನ್ನು 3,105 ಮಿಲಿಮೀಟರ್ ಅಂತರದ ಉದ್ದನೆಯ ರೂಪದಲ್ಲಿ ಬಿಡುಗಡೆ ಮಾಡುವಾಗ ಅದು ಕೊಟ್ಟದ್ದು 258 ಪಿಎಸ್‌ನ ಒಂದೇ ಒಂದು ಪೆಟ್ರೋಲ್ ಎಂಜಿನ್. ಚಾಲಕನ ಗಾಡಿ ಎಂದು ಹೆಸರಾದ ಕಂಪನಿಯೊಂದು ಎಂಜಿನ್‌ಗಳ ಆಯ್ಕೆಯನ್ನು ಮೊಟಕುಗೊಳಿಸಿ ಹಿಂದಿನ ಸೀಟನ್ನು ಹಿಗ್ಗಿಸುತ್ತದೆ ಎಂದರೆ, ಇಲ್ಲಿನ ಕೊಳ್ಳುವವರ ಮನಸ್ಸನ್ನು ಅದು ಹೇಗೆ ಓದಿದೆ ಎಂಬುದು ಸ್ಪಷ್ಟ. ಬ್ರಿಟನ್ನಿನ ರೋಲ್ಸ್ ರಾಯ್ಸ್ ಕಂಪನಿ ದಶಕಗಳ ಕಾಲ ತನ್ನ ಎಂಜಿನ್‌ಗಳ ಅಶ್ವಶಕ್ತಿಯನ್ನು ಪ್ರಕಟಿಸುತ್ತಲೇ ಇರಲಿಲ್ಲ. ಕೇಳಿದವರಿಗೆ ‘ಸಾಕಷ್ಟಿದೆ’ ಎಂಬ ಉತ್ತರ ಸಿಗುತ್ತಿತ್ತು.

ಚನ್ನಗಿರಿ ಕಡೆಯ ಅಡಿಕೆ ಬೆಳೆಗಾರರೊಬ್ಬರೊಂದಿಗೆ ಗಾಡಿ ನೋಡಲು ಹೋಗಿದ್ದಾಗ ಇದನ್ನೇ ಕಣ್ಣಾರೆ ಕಂಡೆ. ದಾರಿಯುದ್ದಕ್ಕೂ ಅವರು ನನ್ನೊಂದಿಗೆ ಅಶ್ವಶಕ್ತಿಯ ಬಗ್ಗೆಯೇ ಮಾತಾಡಿದ್ದರು. ಶೋರೂಮಿನಲ್ಲಿ ಮೂರು ಗಾಡಿಗಳ ಬಳಿ ಹೋದರೂ ಮೂರರಲ್ಲಿಯೂ ಅವರು ಮೊದಲು ತೆರೆದದ್ದು ಹಿಂದಿನ ಬಾಗಿಲನ್ನು. ಎಂಬತ್ತು ದಾಟಿದ ತಾಯಿಯನ್ನು ಕೂರಿಸಿ, ‘ಮೊಣಕಾಲು ತಾಗುತ್ತದೆಯೇ?’ ಎಂದು ಕೇಳಿದರು. ತಾಗದಿದ್ದ ಗಾಡಿಯನ್ನೇ ತಂದರು. ಮೂರರಲ್ಲಿ ಅತಿ ಕಡಿಮೆ ಶಕ್ತಿಯದು ಅದೇ ಆಗಿತ್ತು.

ಹೊಸ್ತಿಲಿನ ಕೆಳಗಿನ ಉದಾಹರಣೆಯನ್ನೂ ಹೇಳಬೇಕು, ಇಲ್ಲವಾದರೆ ನನ್ನ ಮಾತು ಒಂದು ಕಾಲಿನ ಮೇಲೆ ನಿಂತಂತಾಗುತ್ತದೆ. ಮರ್ಸಿಡಿಸ್ ಎ-ಕ್ಲಾಸ್ ಸೆಡಾನ್‌ನ ಪೆಟ್ರೋಲ್ ರೂಪಕ್ಕೆ 1.3 ಲೀಟರ್ ಎಂಜಿನ್, 163 ಪಿಎಸ್. ಊರಿನೊಳಗೆ ಅದು ಧಾರಾಳ. ಆದರೂ ‘ಇಷ್ಟು ದುಡ್ಡಿಗೆ ಸಾಧಾರಣ ಗಾಡಿಯ ಎಂಜಿನ್ನೇ?’ ಎಂಬ ಆಕ್ಷೇಪಕ್ಕೆ ಅದು ಗುರಿಯಾಗುವಷ್ಟು 204 ಪಿಎಸ್‌ನ ಇ 200 ಎಂದೂ ಗುರಿಯಾಗುವುದಿಲ್ಲ. ಶಕ್ತಿಯ ಕೊರತೆ ಗಿರಾಕಿಯನ್ನು ಓಡಿಸಬಲ್ಲದು. ಶಕ್ತಿಯ ಹೆಚ್ಚಳಕ್ಕೆ ಗಿರಾಕಿಯನ್ನು ಕರೆತರುವ ಅಷ್ಟೇ ಬಲ ಇಲ್ಲ.

ನಮ್ಮ ರಸ್ತೆಯಲ್ಲಿ ಓಡಿಸಿ ನೋಡುವುದು

ಟೆಸ್ಟ್ ಡ್ರೈವ್ ಎಂದರೆ ಶೋರೂಮಿನ ಸುತ್ತ ಒಂದು ಪ್ರದಕ್ಷಿಣೆ ಎಂದು ತಿಳಿದವರೇ ಹೆಚ್ಚು. ಇಷ್ಟು ಬೆಲೆಯ ಗಾಡಿಗೆ ಊರಿಗೇ ತಂದು ತೋರಿಸಿ ಎಂದು ಕೇಳುವ ಹಕ್ಕು ನಿಮಗಿದೆ, ಸಾಮಾನ್ಯವಾಗಿ ತರುತ್ತಾರೆ ಕೂಡ. ತಂದಾಗ ಒಬ್ಬರೇ ಕೂತು ಓಡಿಸಬೇಡಿ. 1,700 ಕೆ.ಜಿ. ತೂಗುವ 204 ಪಿಎಸ್‌ನ ಗಾಡಿಯಲ್ಲಿ ಒಂದು ಟನ್‌ಗೆ 120 ಪಿಎಸ್ ಸಿಗುತ್ತದೆ ಎಂದಿಟ್ಟುಕೊಳ್ಳೋಣ. ನಾಲ್ಕು ಜನ ಮತ್ತು ಮದುವೆಗೆ ಹೊರಟ ಸಾಮಾನು ಸೇರಿ 300 ಕೆ.ಜಿ. ಹೆಚ್ಚಾದರೆ ಅದು 102ಕ್ಕೆ ಇಳಿಯುತ್ತದೆ. ನೀವು ಬದುಕುವುದು ಈ ಎರಡನೆಯ ಅಂಕಿಯೊಂದಿಗೆ.

ಮೊದಲು ಹೆದ್ದಾರಿ 48ಕ್ಕೆ ಹೋಗಿ. ಹೆಬ್ಬಾಳು ಟೋಲ್ ದಾಟಿದ ಮೇಲೆ ನಿಂತ ಗಾಡಿಯನ್ನು ಕಾಲು ಜಾಡಿಸದೆ, ನೀವು ನಿತ್ಯ ಓಡಿಸುವ ಹಾಗೆಯೇ ಎಂಬತ್ತಕ್ಕೆ ತನ್ನಿ. ಗೇರ್ ಬದಲಾಗುವುದು ಹಿಂದಿನ ಸೀಟಿನವರಿಗೆ ಗೊತ್ತಾಯಿತೇ ಎಂದು ಕೇಳಿ. ಆಮೇಲೆ ಭರಮಸಾಗರದ ಕಡೆಗೆ ಸಾಗುತ್ತ, ಎಂಬತ್ತರಿಂದ ನೂರಕ್ಕೆ ಏರಲು ಅದು ಎಷ್ಟು ತಡವರಿಸುತ್ತದೆ ಎಂದು ಗಮನಿಸಿ. ಸೊನ್ನೆಯಿಂದ ನೂರು ಎಂಬುದು ಪಂದ್ಯದ ಅಳತೆ. ಸಂಸಾರಸ್ಥರಿಗೆ ಬೇಕಾದ ಅಳತೆ ಇದು. ಮಧ್ಯೆ ವಿಭಜಕವಿರುವ ನಾಲ್ಕು ಪಥದ ರಸ್ತೆಗಳಲ್ಲಿ ಕಾರುಗಳಿಗೆ ಕೇಂದ್ರ ಸರ್ಕಾರ 2018ರಲ್ಲಿ ನಿಗದಿಪಡಿಸಿದ ಗರಿಷ್ಠ ವೇಗ ಗಂಟೆಗೆ 100 ಕಿಲೋಮೀಟರ್ ಆಗಿರುವುದರಿಂದ ಅದರಾಚೆಗಿನ ಪರೀಕ್ಷೆಗೆ ಅರ್ಥವೂ ಇಲ್ಲ, ರಕ್ಷಣೆಯೂ ಇಲ್ಲ.

ನಿಜವಾದ ಪರೀಕ್ಷೆ ಹೆದ್ದಾರಿಯಿಂದ ಇಳಿದ ಮೇಲೆ. ಚನ್ನಗಿರಿ ಅಥವಾ ಹೊಳಲ್ಕೆರೆ ಕಡೆಯ ಎರಡು ಪಥದ ರಸ್ತೆಯಲ್ಲಿ, ಮೆಕ್ಕೆಜೋಳ ಹೇರಿಕೊಂಡು ನಲವತ್ತರ ವೇಗದಲ್ಲಿ ಸಾಗುವ ಲಾರಿಯನ್ನು ಎದುರು ರಸ್ತೆ ಖಾಲಿ ಇರುವಾಗ ಹಿಂದೆ ಹಾಕಿ ನೋಡಿ. ಪೆಡಲ್ ಒತ್ತಿದ ಗಳಿಗೆಗೂ ಗಾಡಿ ಮುಂದೆ ನುಗ್ಗಿದ ಗಳಿಗೆಗೂ ನಡುವಿನ ಬಿಡುವು ಎಷ್ಟು? ಅಲ್ಲಿ ಮೈಲ್ಡ್ ಹೈಬ್ರಿಡ್‌ನ ಸಣ್ಣ ವಿದ್ಯುತ್ ಮೋಟಾರು ಕೊಡುವ ಆಸರೆ, ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಟರ್ಬೊ ಎಚ್ಚೆತ್ತುಕೊಳ್ಳುವ ವೇಗ, ಗೇರ್‌ಬಾಕ್ಸಿನ ಚುರುಕು ಇವೆಲ್ಲ ಅಶ್ವಶಕ್ತಿಗಿಂತ ಹೆಚ್ಚು ಮಾತಾಡುತ್ತವೆ. ಸಾಧ್ಯವಾದರೆ ಏಪ್ರಿಲ್ ಮಧ್ಯಾಹ್ನ, ಏಸಿ ಹಾಕಿಕೊಂಡು ಓಡಿಸಿ. ಒಳಸೇರುವ ಗಾಳಿ ಬಿಸಿಯಾದಷ್ಟೂ ಟರ್ಬೊ ಎಂಜಿನ್ ಕೊಡುವ ಶಕ್ತಿ ಇಳಿಯುತ್ತದೆ, ಮತ್ತು ನಮ್ಮ ಬಯಲುಸೀಮೆಯಲ್ಲಿ ವರ್ಷದ ನಾಲ್ಕು ತಿಂಗಳು ಅದೇ ಸ್ಥಿತಿ.

ವಾಪಸು ಬರುವಾಗ ಹಳ್ಳಿಯ ಹಂಪುಗಳ ಮೇಲೆ ನಾಲ್ವರನ್ನು ಕೂರಿಸಿಕೊಂಡೇ ದಾಟಿ. ಮೂರು ಮೀಟರ್ ದಾಟಿದ ಚಕ್ರಾಂತರದ ಗಾಡಿಗೆ ಹೊಟ್ಟೆ ಉಜ್ಜುವ ಅಪಾಯ ಹೆಚ್ಚು. ಹಾಗೆ ಉಜ್ಜಿದ ಸದ್ದು ಕೇಳಿದ ಮೇಲೆ ಎಂಜಿನ್‌ನ ಮಾತು ಮರೆತೇಹೋಗುತ್ತದೆ.

ಶಕ್ತಿಗೆ ತೆರುವ ಬೆಲೆ

ತೆರಿಗೆಯ ವಿಷಯದಲ್ಲಿ ಒಂದು ತಪ್ಪು ಕಲ್ಪನೆ ಹರಡಿದೆ. ಕರ್ನಾಟಕದ ಜೀವಿತಾವಧಿ ತೆರಿಗೆ ಅಶ್ವಶಕ್ತಿಯ ಮೇಲೆ ಬೀಳುವುದಿಲ್ಲ, ಬೆಲೆಯ ಮೇಲೆ ಬೀಳುತ್ತದೆ. ಇಪ್ಪತ್ತು ಲಕ್ಷ ದಾಟಿದ ಗಾಡಿಗಳಿಗೆ ಅದು ಶೇ 18, ಅದರ ಮೇಲಿನ ಸೆಸ್ ಸೇರಿದರೆ ಸುಮಾರು ಶೇ 20. ಅರವತ್ತು ಲಕ್ಷದ ಗಾಡಿಗೆ ಇದೊಂದೇ ಹನ್ನೆರಡು ಲಕ್ಷದ ಹತ್ತಿರ ಬರುತ್ತದೆ. ಹೀಗಾಗಿ ಹೆಚ್ಚು ಶಕ್ತಿಗೆಂದು ಕೊಡುವ ಪ್ರತಿ ಹತ್ತು ಲಕ್ಷದ ಹಿಂದೆ ಇನ್ನೆರಡು ಲಕ್ಷ ಸದ್ದಿಲ್ಲದೆ ಹೋಗುತ್ತದೆ. ಜಿಎಸ್‌ಟಿಯಲ್ಲಿ 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳಲ್ಲದ ಉಳಿದ ಪೆಟ್ರೋಲ್, ಡೀಸೆಲ್ ಕಾರುಗಳಿಗೆಲ್ಲ ಶೇ 40ರ ಒಂದೇ ದರ ಬಂದಿರುವುದರಿಂದ ಅಲ್ಲಿಯೂ ಸೆಡಾನ್‌ಗಳ ನಡುವೆ ಎಂಜಿನ್ ಗಾತ್ರದ ಭೇದ ಉಳಿದಿಲ್ಲ. ಥರ್ಡ್ ಪಾರ್ಟಿ ವಿಮೆಯ ಕಂತು ಮಾತ್ರ ಎಂಜಿನ್‌ನ ಸಿಸಿಯನ್ನು ನೋಡುತ್ತದೆ. ಅದು 1500 ಸಿಸಿ ದಾಟಿದರೆ ಹೆಚ್ಚು. ಆದರೆ ಈ ಬೆಲೆಯ ಗಾಡಿಯಲ್ಲಿ ಆ ಕೆಲವು ಸಾವಿರಗಳು ಯಾರ ನಿರ್ಧಾರವನ್ನೂ ಬದಲಿಸುವುದಿಲ್ಲ.

ಎಂಜಿನ್‌ನ ಗಾತ್ರ ಮಾರಾಟವನ್ನು ನಿಜಕ್ಕೂ ಅಲುಗಾಡಿಸಿದ ಒಂದು ಸಂದರ್ಭ ನಮ್ಮ ದೇಶದಲ್ಲಿದೆ. 2015ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ದೆಹಲಿ ಸುತ್ತಿನ ರಾಜಧಾನಿ ಪ್ರದೇಶದಲ್ಲಿ 2000 ಸಿಸಿ ಮತ್ತು ಅದಕ್ಕಿಂತ ದೊಡ್ಡ ಡೀಸೆಲ್ ಗಾಡಿಗಳ ನೋಂದಣಿಯನ್ನು ತಡೆಯಿತು. 2016ರ ಆಗಸ್ಟ್‌ನಲ್ಲಿ ಶೇ 1ರ ಶುಲ್ಕ ವಿಧಿಸಿ ತೆರವುಗೊಳಿಸಿತು. ಆಗ ಮರ್ಸಿಡಿಸ್‌ನ ಜನಪ್ರಿಯ ಡೀಸೆಲ್ ಎಂಜಿನ್ 2,143 ಸಿಸಿಯದಾಗಿತ್ತು. ಅದರ ಬದಲಿಗೆ ಬಂದ ಹೊಸ ಎಂಜಿನ್ 1,950 ಸಿಸಿಯದು. ಶಕ್ತಿ ಕಡಿಮೆಯಾಗಲಿಲ್ಲ, ಗಾತ್ರ ಮಾತ್ರ ಗೆರೆಯ ಈಚೆಗೆ ಬಂತು.

ದಿನದ ಖರ್ಚಿನಲ್ಲಿ ನೋಡುವುದಾದರೆ ಹೆಚ್ಚು ಶಕ್ತಿಯ ರೂಪಗಳಿಗೆ ಅಗಲವಾದ, ತೆಳು ಅಂಚಿನ ಟೈರುಗಳು ಬರುತ್ತವೆ. ಮಳೆಗಾಲ ಕಳೆದ ಮೇಲಿನ ನಮ್ಮ ರಸ್ತೆಗುಂಡಿಗಳು ಅವುಗಳ ಶತ್ರು. ಡೀಸೆಲ್ ಆರಿಸುವವರು ಒಂದು ಮಾತನ್ನು ಗಮನಿಸಬೇಕು: ಬಿಎಸ್6 ಎಂಬ ಹೊಗೆ ನಿಯಮಕ್ಕೆ ತಕ್ಕ ಡೀಸೆಲ್‌ಗಳ ಹೊಗೆ ಸೋಸುವ ಫಿಲ್ಟರ್ ತನ್ನನ್ನು ತಾನು ಸುಟ್ಟು ಶುದ್ಧಗೊಳಿಸಿಕೊಳ್ಳಲು ಆಗಾಗ ದೂರದ, ಒಂದೇ ವೇಗದ ಓಟ ಬೇಕು. ವಾರಕ್ಕೊಮ್ಮೆ ಹುಬ್ಬಳ್ಳಿಗೋ ಬೆಂಗಳೂರಿಗೋ ಹೋಗಿಬರುವ ವರ್ತಕರಿಗೆ ಇದು ಸಮಸ್ಯೆಯೇ ಅಲ್ಲ. ವಿದ್ಯಾನಗರದಿಂದ ಅಂಗಡಿಗೆ, ಅಂಗಡಿಯಿಂದ ಕ್ಲಬ್ಬಿಗೆ ಮಾತ್ರ ಓಡಿಸುವವರು ಡೀಸೆಲ್‌ನ ಆ ನಲವತ್ತು ಕುದುರೆಗಳ ಆಸೆಯನ್ನು ಬಿಟ್ಟು ಪೆಟ್ರೋಲ್‌ಗೆ ಹೋಗುವುದು ಮೇಲು. ಆಡಿಯ ಶೋರೂಮಿನಲ್ಲಿ ಈ ಪ್ರಶ್ನೆಯೇ ಏಳುವುದಿಲ್ಲ. 2020ರಲ್ಲಿ ಬಿಎಸ್6 ಬಂದಂದಿನಿಂದ ಅದು ಇಲ್ಲಿ ಡೀಸೆಲ್ ಮಾರುತ್ತಿಲ್ಲ. ಇಂಧನದ ಖರ್ಚೇ ಮುಖ್ಯ ಎನ್ನುವವರು ಬಿಡದಿಯಲ್ಲಿ ಜೋಡಣೆಯಾಗುವ ಲೆಕ್ಸಸ್ ಇಎಸ್ ಅಥವಾ ಟೊಯೊಟಾ ಕ್ಯಾಮ್ರಿ ಹೈಬ್ರಿಡ್ಡನ್ನು ನೋಡಬಹುದು. ಹೊಸ ಕ್ಯಾಮ್ರಿಗೆ 230 ಪಿಎಸ್ ಜೊತೆಗೆ ಲೀಟರಿಗೆ 25.49 ಕಿಲೋಮೀಟರ್‌ನ ಪ್ರಮಾಣಿತ ಮೈಲೇಜ್ ಇದೆ. ‘ಎಷ್ಟು ಕೊಡುತ್ತದೆ’ ಎಂದು ಕೇಳುವವರ ಮುಂದೆ ತಲೆ ಎತ್ತಿ ಉತ್ತರಿಸಬಹುದಾದ ದೊಡ್ಡ ಸೆಡಾನ್ ಅದೊಂದೇ ಎಂದರೂ ತಪ್ಪಾಗದು.

ಶಕ್ತಿಯೇ ಬೇಕು ಎನ್ನುವವರಿಗೆ

ಮೇಲೆ ಹೇಳಿದ್ದನ್ನೆಲ್ಲ ಓದಿಯೂ, ಮುಂಜಾನೆ ಐದಕ್ಕೆ ಖಾಲಿ ಹೆದ್ದಾರಿಯಲ್ಲಿ ಆರು ಸಿಲಿಂಡರಿನ ಸದ್ದು ಕೇಳಬೇಕು ಎನ್ನುವವರು ಇದ್ದೇ ಇರುತ್ತಾರೆ. ಅವರದು ತಪ್ಪೇನೂ ಅಲ್ಲ. ಎಂ340ಐ ಅಂಥವರಿಗೆಂದೇ ಇರುವ ಗಾಡಿ. ಇ-ಕ್ಲಾಸ್‌ನ ಸೌಕರ್ಯದೊಂದಿಗೆ ಶಕ್ತಿಯೂ ಬೇಕೆಂದರೆ 381 ಪಿಎಸ್‌ನ ಇ 450 ಇದೆ. ಆದರೆ ಮರುಮಾರಾಟದ ಬಗ್ಗೆ ಮೊದಲೇ ಯೋಚಿಸಿರಬೇಕು. ಇ 220ಡಿಯನ್ನು ಮಾರಲು ಹೊರಟರೆ ಹರಿಹರದಲ್ಲಿಯೂ ರಾಣೆಬೆನ್ನೂರಿನಲ್ಲಿಯೂ ಕೇಳುವವರು ಸಿಗುತ್ತಾರೆ. ಎಂ340ಐಗೆ ತಕ್ಕ ಬೆಲೆ ಕೊಡುವ ಗಿರಾಕಿಯನ್ನು ಹುಡುಕಿಕೊಂಡು ನೀವು ಬೆಂಗಳೂರಿಗೇ ಹೋಗಬೇಕಾದೀತು. ಅಂಥ ಗಿರಾಕಿಗಳು ಕಡಿಮೆ, ಆದರೆ ಸಿಕ್ಕವರು ಗಾಡಿಯನ್ನು ಬಲ್ಲವರಾಗಿದ್ದು, ಸರ್ವಿಸ್ ದಾಖಲೆ ಸರಿಯಿದ್ದರೆ ಚೌಕಾಸಿಗೆ ಹೆಚ್ಚು ಕೂರುವುದಿಲ್ಲ.

ಅಂಥ ಗಾಡಿಯನ್ನು ಸೆಕೆಂಡ್ ಹ್ಯಾಂಡ್ ಆಗಿ ಕೊಳ್ಳುವುದಿದ್ದರೆ ಇನ್ನೊಂದು ಎಚ್ಚರಿಕೆ ಬೇಕು. ಎಂಜಿನ್‌ನ ಕಂಪ್ಯೂಟರನ್ನು ರೀಮ್ಯಾಪ್ ಮಾಡಿಸಿ, ಅಂದರೆ ಅದರ ಸಾಫ್ಟ್‌ವೇರ್ ತಿದ್ದಿಸಿ, ಐವತ್ತು ಅರವತ್ತು ಕುದುರೆಗಳನ್ನು ಹೆಚ್ಚಿಸಿಕೊಳ್ಳುವುದು ಆಸಕ್ತರ ನಡುವೆ ಸಾಮಾನ್ಯ, ಮತ್ತು ಮಾರುವ ಮೊದಲು ಅದನ್ನು ಹಳೆಯ ಸ್ಥಿತಿಗೆ ತಂದು ಕೊಡುವುದೂ ಅಷ್ಟೇ ಸಾಮಾನ್ಯ. ಟರ್ಬೊ ಮತ್ತು ಗೇರ್‌ಬಾಕ್ಸ್ ಆ ಹೆಚ್ಚುವರಿ ಹೊರೆಯನ್ನು ಹೊತ್ತಿದ್ದು ಹೊರಗಿನಿಂದ ಕಾಣುವುದಿಲ್ಲ. ಆದ್ದರಿಂದ ಮುಂಗಡ ಕೊಡುವ ಮುನ್ನ ಕಂಪನಿಯ ಅಧಿಕೃತ ಸರ್ವಿಸ್ ಕೇಂದ್ರದಲ್ಲಿ ಗಾಡಿಯನ್ನು ಸ್ಕ್ಯಾನರ್‌ಗೆ ಹಾಕಿಸಿ, ಸಾಫ್ಟ್‌ವೇರ್ ತಿದ್ದಿದ ಗುರುತು ಇದೆಯೇ, ವಾರಂಟಿ ಇನ್ನೂ ಊರ್ಜಿತವಾಗಿದೆಯೇ ಎಂದು ಬರಹದಲ್ಲಿ ಪಡೆದುಕೊಳ್ಳಿ. ಮಾರುವವರು ಇದಕ್ಕೆ ಒಪ್ಪದಿದ್ದರೆ ಬೇರೆ ಗಾಡಿ ನೋಡಿ.